ಸ್ವಂತ ಲಾರಿ ಇಟ್ಟು ಬದುಕಲು: ಒಂದು ಟ್ರಿಪ್ಪಿನ ಪೂರ್ತಿ ಲೆಕ್ಕ

ಪ್ರಶ್ನೆ: ಸರ್, ಬಹಳ ವರ್ಷದಿಂದ ಬೇರೆಯವರ ಲಾರಿ ಓಡಿಸುತ್ತಿದ್ದೇನೆ. ಈಗ 18.5 ಟನ್ ಜಿವಿಡಬ್ಲ್ಯೂ (ಗಾಡಿ, ಲೋಡು ಸೇರಿದ ಗರಿಷ್ಠ ತೂಕ) ಇರುವ ಆರು ಚಕ್ರದ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದ್ದೇನೆ. ಫೈನಾನ್ಸ್‌ನವರು 15 ಲಕ್ಷ ಸಾಲ ಕೊಡುತ್ತೇವೆ ಎನ್ನುತ್ತಿದ್ದಾರೆ. ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಫಾರ್ಮ್‌ಗಳಿಗೆ ಮೆಕ್ಕೆಜೋಳ ಹೊಡೆದರೆ ಟನ್ನಿಗೆ 2,000 ಬಾಡಿಗೆ ಸಿಗುತ್ತದೆ. ಕಂತು ಕಟ್ಟಿಕೊಂಡು ಮನೆ ನಡೆಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಹೋಗುವ ಬಾಡಿಗೆಯೊಂದನ್ನೇ ನಂಬಿದರೆ ಆಗುವುದಿಲ್ಲ. ನೀವು ಟನ್ನಿನ ರೇಟು ಹೇಳಿದ್ದೀರಿ. ದಾವಣಗೆರೆ ಬಿಟ್ಟು ಮತ್ತೆ ದಾವಣಗೆರೆಯಲ್ಲಿ ಲೋಡಿಗೆ ನಿಲ್ಲುವವರೆಗಿನ ಪೂರ್ತಿ ಖರ್ಚು ಎಷ್ಟು ಎಂಬುದನ್ನು ಮೊದಲು ನೋಡಿ.

ಬಾಡಿ ಕಟ್ಟಿದ ಆರು ಚಕ್ರದ ಗಾಡಿಯ ಖಾಲಿ ತೂಕ 7 ಟನ್ ಹತ್ತಿರ. ಕಾನೂನಿನೊಳಗೆ ತುಂಬಲು ಸಿಗುವುದು 11.5 ಟನ್, ಅಂದರೆ ಬಾಡಿಗೆ 23,000. ಇನ್ನು ಖರ್ಚು. ಹೋಗಿ ಬರಲು ಸುಮಾರು 1,050 ಕಿ.ಮೀ. ಲೋಡು, ಖಾಲಿ ಸೇರಿಸಿ ಲೀಟರಿಗೆ ಐದೂವರೆ ಕಿ.ಮೀ. ಹಿಡಿದರೆ 191 ಲೀಟರ್ ಡೀಸೆಲ್. 91 ರೂಪಾಯಿಯಂತೆ 17,400. ಡಿಇಎಫ್‌ಗೆ (ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ) 600. ನಮ್ಮ ಹೆಬ್ಬಾಳು, ಗುಯಿಲಾಳು ಟೋಲ್‌ನಿಂದ ಹಿಡಿದು ನಾಮಕ್ಕಲ್‌ವರೆಗೆ ಎರಡೂ ಕಡೆ ಸೇರಿ ಟೋಲ್‌ಗೆ 5,500 ತೆಗೆದಿಡಿ. ಟೈರ್ ಸವೆತ ಕಿ.ಮೀ.ಗೆ 2 ರೂಪಾಯಿ. ಆಯಿಲ್, ಕ್ಲಚ್, ಬ್ರೇಕ್ ಲೈನರ್, ಸರ್ವಿಸ್‌ಗೆ ಇನ್ನೊಂದು 2 ರೂಪಾಯಿ. ಎರಡೂ ಸೇರಿ 4,200. ಹಮಾಲಿ, ವೇಬ್ರಿಜ್, ಪಾರ್ಕಿಂಗ್ ಎಂದು 1,500. ನೀವೇ ಸ್ಟೇರಿಂಗ್ ಹಿಡಿದರೂ ನಿಮ್ಮ ಸಂಬಳ, ಬತ್ತೆ ಲೆಕ್ಕಕ್ಕೆ ಬರಲೇಬೇಕು. ಲೋಡಿಂಗ್, ಅನ್‌ಲೋಡಿಂಗ್ ಕಾಯುವುದೂ ಸೇರಿ ಐದು ದಿನ, ದಿನಕ್ಕೆ 1,200ರಂತೆ 6,000. ಇಷ್ಟಕ್ಕೇ 35,200 ಆಯಿತು.

ಗಾಡಿ ನಿಂತಿದ್ದರೂ ಓಡುವ ಖರ್ಚು ಬೇರೆ ಇದೆ. 15 ಲಕ್ಷಕ್ಕೆ ಶೇ 15 ಬಡ್ಡಿ, ನಾಲ್ಕು ವರ್ಷ ಎಂದರೆ ಕಂತು 41,750. ಈ ತೂಕದ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ ವರ್ಷಕ್ಕೆ 35,000ದ ಮೇಲೆ. ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500, ಅದರ ಮೇಲೆ ಆಥರೈಸೇಶನ್ 1,000. ಟ್ಯಾಕ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ಸೇರಿ ತಿಂಗಳಿಗೆ 9,250 ಹಿಡಿದರೆ ಒಟ್ಟು 51,000. ತಿಂಗಳಲ್ಲಿ 25 ದಿನ ಗಾಡಿ ಓಡಿದರೆ ದಿನಕ್ಕೆ 2,040, ಐದು ದಿನಕ್ಕೆ 10,200.

ಹೀಗೆ ಒಂದು ಟ್ರಿಪ್ಪಿನ ಖರ್ಚು 45,400. ಬಾಡಿಗೆ 23,000 ಕಳೆದರೆ ಉಳಿದ 22,400 ರಿಟರ್ನ್ ಲೋಡಿನಿಂದಲೇ ಬರಬೇಕು. ಸಿಗದೆ ಖಾಲಿ ಬಂದರೆ ಅಷ್ಟೂ ನಿಮ್ಮ ಕೈಯಿಂದ. ಇನ್ನೊಂದು ವಿಷಯ: ಕೋಳಿ ಫಾರ್ಮಿನ ಗೋಡೌನ್ ಮುಂದೆ ಒಂದು ದಿನ ಹೆಚ್ಚು ಕಾದರೆ 2,040ರ ಜತೆ ನಿಮ್ಮ 1,200 ಸೇರಿ 3,240 ಹೋಯಿತು. ಆದ್ದರಿಂದ ರೇಟು ಮಾತಾಡುವಾಗಲೇ ಹಾಲ್ಟಿಂಗ್ (ಗಾಡಿ ಕಾಯಿಸಿದ ದಿನಗಳ ಹಣ) ಮಾತಾಡಿ. ಗಾಡಿ ಪಾಯಿಂಟಿಗೆ ಮುಟ್ಟಿ 24 ಗಂಟೆ ಕಳೆದ ಮೇಲೆ ದಿನಕ್ಕೆ ಎಷ್ಟು ಎಂಬುದು ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲಿ ಇರಲಿ.

ಸಾಲವನ್ನು 8 ಲಕ್ಷಕ್ಕೆ ಇಳಿಸಿದರೆ ಕಂತು 22,300ರ ಆಸುಪಾಸಿಗೆ ಬರುತ್ತದೆ, ಟ್ರಿಪ್ಪಿನ ಖರ್ಚಿನಲ್ಲಿ 3,900 ಕಡಿಮೆಯಾಗುತ್ತದೆ. ಹಾಗಾಗಿ ಇನ್ನೂ ಹಳೆಯ, ಕಡಿಮೆ ಬೆಲೆಯ ಗಾಡಿ ನೋಡಿ, ಇಲ್ಲವೇ ಇನ್ನೊಂದು ವರ್ಷ ದುಡಿದು ಮುಂಗಡ ಹೆಚ್ಚಿಸಿ ಎಂಬುದೇ ನಮ್ಮ ಸಲಹೆ. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೆ ಸುರಿಯಬೇಡಿ. ಬಾಡಿಗೆಯಲ್ಲಿ ಉಳಿದ ಬ್ಯಾಲೆನ್ಸ್ ಹಣ ಬರುವುದು ತಿಂಗಳು, ಒಂದೂವರೆ ತಿಂಗಳು ತಡ. ಅಷ್ಟು ದಿನ ಡೀಸೆಲ್ ಹಾಕಿಸಲು, ಒಂದು ಜೋಡಿ ಟೈರ್ ಕೊಳ್ಳಲು 2 ಲಕ್ಷ ಪಕ್ಕಕ್ಕಿರಲಿ. ಮೆಕ್ಕೆಜೋಳದ ಭರಾಟೆ ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿವರೆಗೆ. ಉಳಿದ ತಿಂಗಳಿಗೆ ಅಕ್ಕಿ ಮಿಲ್ಲು, ಗೊಬ್ಬರ, ಚಿತ್ರದುರ್ಗದ ಕಡೆಯ ಈರುಳ್ಳಿ ಲೋಡಿನವರ ಪರಿಚಯ ಈಗಿನಿಂದಲೇ ಮಾಡಿಕೊಳ್ಳಿ.

ನಾಲ್ಕು ಟನ್ ಹೆಚ್ಚು ಹಾಕಿ ಸರಿದೂಗಿಸೋಣ ಎಂದುಕೊಳ್ಳಬೇಡಿ. ಅದರಿಂದ ಸಿಗುವುದು 8,000. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000, ಜತೆಗೆ ಹೆಚ್ಚುವರಿ ಟನ್ನಿಗೆ 2,000ದಂತೆ ಒಟ್ಟು 28,000 ದಂಡ. ಹೆಚ್ಚಿನ ಮಾಲು ಇಳಿಸುವ ಕೂಲಿಯೂ ನಿಮ್ಮದೇ.

ಪ್ರಶ್ನೆ: ಎಂಟು ವರ್ಷದ ಲಾರಿ ಕೊಳ್ಳುವಾಗ ಏನೇನು ನೋಡಬೇಕು? ಮಾಲೀಕರು "ಎಂಜಿನ್ ಕಂಡೀಷನ್ ಇದೆ" ಎನ್ನುತ್ತಾರೆ.
– ಓದುಗರು, ಹೊಸದುರ್ಗ

ಉತ್ತರ: ಎಂಜಿನ್ ಕೆಟ್ಟರೆ ಕಟ್ಟಿಸಬಹುದು. ಚಾಸಿ ಮುರಿದ ಗಾಡಿ ಮತ್ತೆ ಮೊದಲಿನಂತಾಗುವುದಿಲ್ಲ, ಆದ್ದರಿಂದ ಮೊದಲು ಗಾಡಿಯ ಕೆಳಗೆ ಹೋಗಿ. ನಿಮ್ಮ ಕಡೆ ಅದಿರು, ಜಲ್ಲಿ ಹೊಡೆದ ಗಾಡಿಗಳೇ ಹೆಚ್ಚು. ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟ್ ಚಾಸಿಗೆ ಕೂಡುವ ಜಾಗ, ಕ್ಯಾಬಿನ್ ಹಿಂದಿನ ಒಂದೆರಡು ಅಡಿ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ. ಬೇರೆಲ್ಲೂ ಇಲ್ಲದ ಹೊಸ ಬಣ್ಣ ಅಲ್ಲಿ ಮಾತ್ರ ಇದ್ದರೆ ಉಗುರಿನಿಂದ ಕೆರೆಯಿರಿ. ಕೆಳಗೆ ವೆಲ್ಡಿಂಗ್ ಗೆರೆಯೋ, ಒಳಗಿನಿಂದ ಕೂರಿಸಿದ ಪಟ್ಟಿಯೋ ಕಂಡರೆ ಬಿಟ್ಟುಬಿಡಿ. ಚಾಸಿ ನಂಬರನ್ನು ಪೆನ್ಸಿಲ್‌ನಿಂದ ಕಾಗದಕ್ಕೆ ಉಜ್ಜಿ ತೆಗೆದು ಆರ್‌ಸಿ ಜತೆ ತಾಳೆ ನೋಡಿ.

ಎಂಜಿನ್ ನೋಡಲು ಬೆಳಿಗ್ಗೆ, ತಣ್ಣಗಿರುವಾಗ ಹೋಗಿ. ಆಗಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಒತ್ತಡದಿಂದ ನುಗ್ಗಿ ಬಂದರೆ ರಿಂಗ್, ಲೈನರ್ ಸವೆದಿದೆ ಎಂದರ್ಥ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು ಮೇಲೆ ಕೆಳಗೆ ಅಲುಗಿಸಿ. ಆಟ ಇದ್ದರೆ ಕಿಂಗ್‌ಪಿನ್ ಅಥವಾ ಬೇರಿಂಗ್ ಕೆಲಸವಿದೆ.

ಕಾಗದದಲ್ಲಿ ಮುಖ್ಯವಾದದ್ದು ವಯಸ್ಸು. ಎರಡು ಆಕ್ಸಲ್ ಗಾಡಿಗೆ ನ್ಯಾಷನಲ್ ಪರ್ಮಿಟ್ 12 ವರ್ಷದವರೆಗೆ ಮಾತ್ರ, ಮಲ್ಟಿ ಆಕ್ಸಲ್‌ಗೆ 15. ಹಾಗಾಗಿ ಎರಡು ಆಕ್ಸಲ್ ಗಾಡಿಯಾದರೆ ನಿಮಗೆ ಹೊರ ರಾಜ್ಯದ ದಾರಿ ಇರುವುದು ನಾಲ್ಕೇ ವರ್ಷ, ಸಾಲದ ಅವಧಿ ಅದಕ್ಕಿಂತ ಉದ್ದ ಇರಬಾರದು. ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ಪ್ರತಿ ವರ್ಷ. ಬಾಕಿ ಚಲನ್, ಟ್ಯಾಕ್ಸ್, ಹಳೆಯ ಫೈನಾನ್ಸ್ ಇದೆಯೇ ಎಂದು ಗಾಡಿ ನಂಬರ್ ಹಾಕಿ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನೋಡಿ. ಹೆಸರು ವರ್ಗಾವಣೆಯ ಫಾರಂ 29, 30ರ ಜತೆ, ಸಾಲ ತೀರಿದ್ದರೆ ಫೈನಾನ್ಸ್‌ನವರ ಫಾರಂ 35 ಮತ್ತು ಎನ್‌ಒಸಿ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಿ.

ಪ್ರಶ್ನೆ: ಮೆಕ್ಕೆಜೋಳದ ಲೋಡ್ ಇಳಿಸಿದಾಗಲೆಲ್ಲ 100 ಕೆ.ಜಿ. ಶಾರ್ಟೇಜ್ ಎಂದು ಬ್ರೋಕರ್ ಬ್ಯಾಲೆನ್ಸ್‌ನಲ್ಲಿ ಹಿಡಿಯುತ್ತಾರೆ. ಒಂದು ಚೀಲವೂ ಕಡಿಮೆ ಇರುವುದಿಲ್ಲ.
– ಓದುಗರು, ಜಗಳೂರು

ಉತ್ತರ: ನಿಮ್ಮ ಡೀಸೆಲ್ ಟ್ಯಾಂಕ್ ನೋಡಿ. 100 ಲೀಟರ್ ಡೀಸೆಲ್ ಅಂದರೆ ಸುಮಾರು 83 ಕೆ.ಜಿ. ಇಲ್ಲಿ ಟ್ಯಾಂಕ್ ತುಂಬಿಸಿ ತೂಕ ಮಾಡಿ, ಅಲ್ಲಿ 100 ಲೀಟರ್ ಉರಿದ ಮೇಲೆ ಲೋಡ್ ಗಾಡಿ ತೂಗಿ, ಖಾಲಿ ತೂಕಕ್ಕೆ ಮಾತ್ರ ಇಲ್ಲಿನ ಚೀಟಿಯನ್ನೇ ಹಿಡಿದರೆ ಆ 83 ಕೆ.ಜಿ. ಜೋಳದ ಲೆಕ್ಕಕ್ಕೆ ಬೀಳುತ್ತದೆ. ಕ್ಲೀನರ್ ಕೆಳಗಿಳಿದಿದ್ದರೆ ಇನ್ನೂ ಹೆಚ್ಚು. ಅನ್‌ಲೋಡ್ ಆದ ಕೂಡಲೇ ಅದೇ ವೇಬ್ರಿಜ್‌ನಲ್ಲಿ ಖಾಲಿ ಗಾಡಿ ತೂಗಿಸಿ, ಎರಡೂ ಚೀಟಿ ಪಡೆಯಿರಿ.

ಎರಡನೇ ಕಾರಣ ತೇವಾಂಶ. ಖರೀದಿದಾರರು ಸಾಮಾನ್ಯವಾಗಿ ಕೇಳುವುದು ಶೇ 14. ಅದಕ್ಕಿಂತ ಹಸಿ ಇದ್ದ ಜೋಳ ತಾಡಪತ್ರಿ ಅಡಿಯಲ್ಲಿ ಬೆವರಿ ದಾರಿಯಲ್ಲೇ ತೂಕ ಕಳೆದುಕೊಳ್ಳುತ್ತದೆ. ಲೋಡ್ ಮಾಡುವಾಗಲೇ ಮಾಯಿಶ್ಚರ್ ಮೀಟರ್ ರೀಡಿಂಗ್ ಮತ್ತು ಚೀಲದ ಎಣಿಕೆಯನ್ನು ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆಸಿ. ಮಾಲು ಇಳಿಸಿದ ಮೇಲೆ ಸೀಲು ಬಿದ್ದ ಎಲ್‌ಆರ್‌ನ ಹಿಂದೆ ಮುಂದೆ ಎರಡೂ ಫೋಟೊ ತೆಗೆದು ಆಗಲೇ ಬ್ರೋಕರ್‌ಗೆ ಕಳಿಸಿ. ಅಸಲು ಕಾಗದ ಕೊಟ್ಟಾಗ ಕೈಬರಹದ ಸ್ವೀಕೃತಿ ಕೇಳಿ. ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಎಂದು ಹಣ ಹಿಡಿದರೆ ನಿಮ್ಮ ಪ್ಯಾನ್ ಮತ್ತು "ಹತ್ತಕ್ಕಿಂತ ಹೆಚ್ಚು ಗಾಡಿ ನನ್ನಲ್ಲಿಲ್ಲ" ಎಂಬ ಘೋಷಣೆ ಕೊಡಿ, ಆಮೇಲೆ ಹಿಡಿಯುವಂತಿಲ್ಲ.

ರಿಟರ್ನ್‌ನಲ್ಲಿ ಸಿಮೆಂಟ್, ಕಬ್ಬಿಣ ಹಾಕಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಅವಧಿ ನೋಡಿಕೊಳ್ಳಿ: 200 ಕಿ.ಮೀ.ಗೆ ಒಂದು ದಿನ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಲು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೇಳಿ.

ಪ್ರಶ್ನೆ: ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗೆ ಡಿಇಎಫ್ ಖರ್ಚು ಜಾಸ್ತಿ. ಯೂರಿಯಾ ನೀರಿನಲ್ಲಿ ಕರಗಿಸಿ ಹಾಕಬಹುದು ಎನ್ನುತ್ತಾರೆ, ನಿಜವೇ?
– ಓದುಗರು, ಹಿರಿಯೂರು

ಉತ್ತರ: ದಯವಿಟ್ಟು ಬೇಡ. ಡಿಇಎಫ್‌ನಲ್ಲಿ ಶೇ 32.5 ಯೂರಿಯಾ ಇರುವುದು ನಿಜ, ಆದರೆ ಅದು ಶುದ್ಧ ಯೂರಿಯಾ ಮತ್ತು ಖನಿಜ ತೆಗೆದ ನೀರು. ಹೊಲಕ್ಕೆ ಹಾಕುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಇರುತ್ತದೆ. ಎರಡೂ ಸೇರಿ ಡೋಸಿಂಗ್ ನಾಜಲ್ ಕಟ್ಟಿಕೊಳ್ಳುತ್ತದೆ, ಒಳಗಿನ ಕ್ಯಾಟಲಿಸ್ಟ್ ಹಾಳಾಗುತ್ತದೆ. ಆಗ ಗಾಡಿ ತಾನೇ ಪಿಕಪ್ ಇಳಿಸಿಕೊಳ್ಳುತ್ತದೆ, ಲೋಡಿನಲ್ಲಿ ದಿಬ್ಬ ಹತ್ತುವುದಿಲ್ಲ. ಡೀಸೆಲ್ 100 ಲೀಟರಿಗೆ 4ರಿಂದ 6 ಲೀಟರ್ ಡಿಇಎಫ್ ಹೋಗುವುದು ಸಹಜ. ಅದಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಪೈಪಿನ ಜಾಯಿಂಟ್‌ಗಳಲ್ಲಿ ಬಿಳಿ ಹರಳು ಕಟ್ಟಿದೆಯೇ ನೋಡಿ. ಸೋರಿಕೆ ಅಲ್ಲೇ ಇರುತ್ತದೆ. ಹರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಜಾಯಿಂಟ್ ಬಿಗಿ ಮಾಡಿಸಿ, ತಂತಿ ಹಾಕಿ ಚುಚ್ಚಬೇಡಿ.