ಕುಡಿದು ಓಡಿಸಿದ ಪ್ರಕರಣ: ದಂಡಕ್ಕಿಂತ ಮೊದಲು ಚಾಲಕರ ಡಿಎಲ್ ಬಗ್ಗೆ ಯೋಚಿಸಿ

ಮುಳಬಾಗಿಲಿನ ಸ್ನೇಹಿತರೇ, ತಮ್ಮ ಪ್ರಶ್ನೆಯನ್ನು ಗಮನವಿಟ್ಟು ಓದಿದ್ದೇನೆ. ತಮ್ಮ ಪಿಕಪ್ ಓಡಿಸುವ ಚಾಲಕರು ರಾತ್ರಿ ಹತ್ತೂವರೆಗೆ ಊಟದ ಜೊತೆ ಒಂದು ಕ್ವಾರ್ಟರ್ ಕುಡಿದು ಮಲಗಿದ್ದಾರೆ. ಬೆಳಗಿನ ಜಾವ ಎದ್ದು ಟೊಮೆಟೊ ಕ್ರೇಟುಗಳನ್ನು ಏರಿಸಿಕೊಂಡು ಕೋಲಾರದ ಎಪಿಎಂಸಿಗೆ ಹೊರಟಾಗ, ನಾಲ್ಕೂವರೆಯ ಹೊತ್ತಿಗೆ ಪೊಲೀಸರು ತಡೆದು ಊದಿಸಿದ್ದಾರೆ. ಯಂತ್ರ 54 (100 ಮಿಲಿ ಲೀಟರ್ ರಕ್ತದಲ್ಲಿ ಇಷ್ಟು ಮಿಲಿ ಗ್ರಾಂ ಮದ್ಯ ಎಂಬ ಲೆಕ್ಕ) ತೋರಿಸಿದೆ, ಡಿಎಲ್ ತೆಗೆದುಕೊಂಡು ಪ್ರಕರಣ ದಾಖಲಿಸಿದ್ದಾರೆ. ದಂಡ ಕಟ್ಟಿದರೆ ಮುಗಿಯಿತೇ ಎಂದು ತಾವು ಕೇಳಿದ್ದೀರಿ. ತಮ್ಮ ಪ್ರಶ್ನೆಯ ಕೆಳಗೆ ಕೆಲವರು ಹತ್ತು ಸಾವಿರ ಕಟ್ಟಿ ಕೈತೊಳೆದುಕೊಳ್ಳಿ ಎಂದು ಸಲಹೆ ಕೊಟ್ಟಿದ್ದಾರೆ. ಸ್ವಂತ ಕಾರು ಓಡಿಸುವವರಿಗೆ ಆ ಮಾತು ಸಾಕೆನಿಸಬಹುದು, ಆದರೆ ಸ್ಟೇರಿಂಗ್ ಹಿಡಿದೇ ಸಂಸಾರ ಸಾಗಿಸುವವರಿಗೆ ಅದು ಅಪಾಯದ ಸಲಹೆ. ಅವರಿಗೆ ದಂಡ ಸಣ್ಣ ನಷ್ಟ, ಡಿಎಲ್ ಹೋಗುವುದು ದೊಡ್ಡ ನಷ್ಟ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಮದ್ಯದ ಅಂಶವಿದ್ದರೆ ಅಪರಾಧ. ಹಳದಿ ಬೋರ್ಡಿಗೆ ಬೇರೆ, ಬಿಳಿ ಬೋರ್ಡಿಗೆ ಬೇರೆ ಎಂಬ ಮಿತಿ ಇಲ್ಲಿಲ್ಲ. ಟ್ರ್ಯಾಕ್ಟರಿಗೂ ಇದೇ, ಲಾರಿಗೂ ಇದೇ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೆಯದಕ್ಕೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಮೊದಲು ಎರಡನೆಯ ಅಪರಾಧ ಮೂರು ವರ್ಷದ ಒಳಗೆ ನಡೆದಿದ್ದರೆ ಮಾತ್ರ ಹೆಚ್ಚಿನ ಶಿಕ್ಷೆ ಎಂದಿತ್ತು. ಆ ಮಾತನ್ನು ಈಗ ತೆಗೆದುಹಾಕಿದ್ದಾರೆ. ಆದ್ದರಿಂದ ಇವತ್ತು ದಾಖಲಾಗುವ ಶಿಕ್ಷೆ ಹತ್ತು ವರ್ಷ ಕಳೆದರೂ ಲೆಕ್ಕದಲ್ಲಿ ಉಳಿಯುತ್ತದೆ.

ಡಿಎಲ್ ವಿಷಯ ಎರಡು ಕಡೆ ಪ್ರತ್ಯೇಕವಾಗಿ ನಡೆಯುತ್ತದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ಆರ್‌ಟಿಒ ಕಚೇರಿ. ಪೊಲೀಸರು 206ನೇ ಕಲಮಿನ ಅಡಿಯಲ್ಲಿ ವಶಪಡಿಸಿಕೊಂಡ ಡಿಎಲ್ ಅನ್ನು ಅಲ್ಲಿಗೆ ಕಳುಹಿಸುತ್ತಾರೆ. ಅಮಾನತು ಮಾಡುವ ಅಧಿಕಾರ ಪೊಲೀಸರದ್ದಲ್ಲ, ಪರವಾನಗಿ ಪ್ರಾಧಿಕಾರದ್ದು. ಪ್ರಾಧಿಕಾರ ಚಾಲಕರ ಮಾತು ಕೇಳಿದ ನಂತರ ಅವರನ್ನು ಬಿಡಬಹುದು, ಇಲ್ಲವೇ ಕಾರಣಗಳನ್ನು ಬರೆದು ಮೊದಲ ಅಪರಾಧಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಸಲವಾದರೆ ಡಿಎಲ್ ರದ್ದಾಗುತ್ತದೆ. ಮೂರು ತಿಂಗಳು ಕಳೆದ ಮಾತ್ರಕ್ಕೆ ಕಾರ್ಡು ಕೈಗೆ ಬರುವುದಿಲ್ಲ, ಪುನಶ್ಚೇತನ ತರಬೇತಿ ಮುಗಿಸಬೇಕು. ಇನ್ನೊಂದು ಕಡೆ ನ್ಯಾಯಾಲಯ. 185ನೇ ಕಲಮಿನಲ್ಲಿ ಶಿಕ್ಷೆಯಾದವರನ್ನು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕು ಎಂದು 20ನೇ ಕಲಮು ಹೇಳುತ್ತದೆ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟುವುದೆಂದರೆ ಅದು ಶಿಕ್ಷೆಯೇ, ಸಿಗ್ನಲ್ ದಾಟಿದ್ದಕ್ಕೆ ರಸೀದಿ ಹರಿಸಿಕೊಂಡಂತಲ್ಲ. ಆದ್ದರಿಂದ ಅವರು ತಪ್ಪೊಪ್ಪಿಕೊಳ್ಳುವ ಮುನ್ನ ಒಬ್ಬ ವಕೀಲರ ಜೊತೆ ಕುಳಿತು ಮಾತನಾಡಲಿ. ಫೀಸು ಕಟ್ಟುವ ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಬಹುದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಹಿಳೆಯರಿಗೆ, ಆದಾಯ ಮಿತಿಯ ಒಳಗಿನವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪ್ರಕರಣ ಮುಗಿದ ದಿನ ಆದೇಶದ ದೃಢೀಕೃತ ಪ್ರತಿ ಪಡೆದು, ಅನರ್ಹತೆ ಎಷ್ಟು ದಿನ, ಯಾವ ದಿನಾಂಕದಿಂದ ಎಂಬುದನ್ನು ತಾವೇ ಓದಿ ನೋಡಿ.

ನಮ್ಮಲ್ಲಿ ಒಬ್ಬರಿಗೆ ಒಂದೇ ಡಿಎಲ್. ಬೈಕು, ಕಾರು, ಭಾರಿ ವಾಹನ ಎಲ್ಲವೂ ಅದೇ ಕಾರ್ಡಿನಲ್ಲಿ ನಮೂದಾಗಿರುತ್ತವೆ. ಊರ ಜಾತ್ರೆಯಿಂದ ಬೈಕಿನಲ್ಲಿ ಮನೆಗೆ ಬರುವಾಗ ಸಿಕ್ಕಿಬಿದ್ದ ಲಾರಿ ಚಾಲಕರ ಲಾರಿ ಕೆಲಸವೂ ಈ ಕಾರಣಕ್ಕಾಗಿ ನಿಲ್ಲಬಹುದು. ಆದರೆ ಡಿಎಲ್‌ನಲ್ಲಿರುವ ಎಲ್ಲ ವರ್ಗದ ವಾಹನಗಳಿಗೆ ಅಥವಾ ಕೆಲವಕ್ಕೆ ಮಾತ್ರ ಅನರ್ಹಗೊಳಿಸಬಹುದು ಎಂದು ಕಾಯ್ದೆಯೇ ಹೇಳುವುದರಿಂದ, ಬೈಕಿನಲ್ಲಿ ಸಿಕ್ಕಿದವರು ಸಾರಿಗೆ ವಾಹನದ ವರ್ಗವನ್ನು ಉಳಿಸಿಕೊಡಿ ಎಂದು ಲಿಖಿತವಾಗಿ ಕೇಳಿಕೊಳ್ಳಲು ಅವಕಾಶವಿದೆ. ತಮ್ಮ ಚಾಲಕರು ಲೋಡು ತುಂಬಿದ ಪಿಕಪ್ಪಿನಲ್ಲೇ ಸಿಕ್ಕಿರುವುದರಿಂದ ಈ ಕೋರಿಕೆಗೆ ಹೆಚ್ಚು ಬಲ ಸಿಗಲಾರದು ಎಂದು ನನಗನ್ನಿಸುತ್ತದೆ.

ಈಗಲೇ ಮಾಡಬೇಕಾದ ಕೆಲಸಗಳು ಕೆಲವಿವೆ. ಡಿಎಲ್ ತೆಗೆದುಕೊಂಡಾಗ ಪೊಲೀಸರು ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕು. ಆದರೆ ಕುಡಿದು ಓಡಿಸಿದ ಪ್ರಕರಣದಲ್ಲಿ ಡಿಎಲ್ ಹಿಂತಿರುಗುವವರೆಗೆ ಆ ಪತ್ರದ ಮೇಲೆ ವಾಹನ ಓಡಿಸುವಂತಿಲ್ಲ. ಆ ಪತ್ರ ಅವರ ಬಳಿ ಇದೆಯೇ ನೋಡಿ. ಊದಿದ ಯಂತ್ರ ಮುದ್ರಿಸಿದ ಚೀಟಿಯ ಪ್ರತಿ ಬೇಕು. ಅದರಲ್ಲಿರುವ ಸಮಯ, ಅಂಕಿ, ವಾಹನ ಸಂಖ್ಯೆಗಳನ್ನು ಪ್ರಕರಣದ ಕಾಗದದ ಜೊತೆ ಹೋಲಿಸಿ ನೋಡಿ. ಆರ್‌ಟಿಒ ನೋಟಿಸು ಡಿಎಲ್‌ನಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ಮನೆ ಬದಲಿಸಿ ವರ್ಷಗಳಾಗಿ ವಿಳಾಸ ಹಾಗೇ ಉಳಿದಿದ್ದರೆ ಅವರ ಮಾತು ಕೇಳದೆಯೇ ಆದೇಶವಾಗಿಬಿಡಬಹುದು. ಒಮ್ಮೆ ಕಚೇರಿಗೇ ಹೋಗಿ ವಿಚಾರಿಸುವುದು ಒಳ್ಳೆಯದು. ಇದು ಮೊದಲ ಸಲ ಎಂಬುದು, ಅಪಘಾತವಾಗಿಲ್ಲ ಎಂಬುದು, ಇದೇ ಕೆಲಸದಿಂದ ಮನೆ ನಡೆಯುತ್ತದೆ ಎಂಬುದು ಉತ್ತರದಲ್ಲಿ ಬರಲಿ. ತಾವು ಮಾಲೀಕರಾಗಿ ಒಂದು ಪತ್ರ ಬರೆದು ಜೊತೆಗೆ ಇಡಬಹುದು. ಆದೇಶ ಬಂದರೆ ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ.

ಅವರು ರಾತ್ರಿ ಕುಡಿದದ್ದು ಬೆಳಗ್ಗೆ ಹೇಗೆ ಬಂತು ಎಂದು ಕೇಳುತ್ತಿದ್ದಾರಂತೆ. ಮಂಡಿಗೆ ಗಾಡಿ ಓಡಿಸುವ ಬಹಳಷ್ಟು ಚಾಲಕರು ಪ್ರಾಮಾಣಿಕವಾಗಿ ಹೀಗೆಯೇ ನಂಬಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕ್ವಾರ್ಟರ್ ಎಂದರೆ 180 ಮಿಲಿ ಲೀಟರ್, ಬಾಟಲಿಯ ಮೇಲೆ ಮದ್ಯಸಾರ 42.8 ಶೇಕಡಾ ಎಂದು ಅಚ್ಚಾಗಿರುತ್ತದೆ. ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 60–65 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 140ರ ಆಸುಪಾಸಿಗೆ ಏರುತ್ತದೆ. ಯಕೃತ್ತು ಗಂಟೆಗೆ ಸುಮಾರು 15ರಂತೆ ಅದನ್ನು ಇಳಿಸುತ್ತದೆ, ಅದಕ್ಕಿಂತ ವೇಗವಾಗಿ ಇಳಿಸುವ ದಾರಿ ಇಲ್ಲ. ಹತ್ತೂವರೆಯಿಂದ ನಾಲ್ಕೂವರೆಗೆ ಆರು ಗಂಟೆ, ಇಳಿದದ್ದು ಸುಮಾರು 90, ಉಳಿದದ್ದು 50ರ ಹತ್ತಿರ. ಅವರ ಯಂತ್ರ ತೋರಿಸಿದ 54 ಈ ಲೆಕ್ಕಕ್ಕೆ ಹೊಂದುತ್ತದೆ. ಮೈ ತೂಕ, ಊಟ, ಕುಡಿದ ವೇಗಗಳಿಗೆ ತಕ್ಕಂತೆ ಅಂಕಿ ಹೆಚ್ಚುಕಡಿಮೆಯಾದರೂ ಮೂವತ್ತರ ಕೆಳಗೆ ಬರಲು ಅವರಿಗೆ ಏಳು ಗಂಟೆಗೂ ಹೆಚ್ಚು ಸಮಯ, ಪೂರ್ತಿ ಇಳಿಯಲು ಒಂಬತ್ತು ಗಂಟೆಗೂ ಹೆಚ್ಚು ಸಮಯ ಬೇಕಿತ್ತು. 90 ಮಿಲಿಯ ಟೆಟ್ರಾ ಪ್ಯಾಕಿಗೂ ಮಿತಿಯ ಕೆಳಗೆ ಬರಲು ಮೂರು ಗಂಟೆಯಷ್ಟು ಹಿಡಿಯುತ್ತದೆ. ಮಜ್ಜಿಗೆ, ನಿಂಬೆಹಣ್ಣು, ಗಟ್ಟಿ ಕಾಫಿ, ತಣ್ಣೀರ ಸ್ನಾನ ಯಾವುದೂ ಈ ಅಂಕಿಯನ್ನು ಇಳಿಸುವುದಿಲ್ಲ. ನಿದ್ದೆ ಬಿಟ್ಟ ಮೇಲೆ ತಲೆ ತಿಳಿಯಾಗಿದೆ ಎನಿಸಿದರೂ ಕತ್ತಲಲ್ಲಿ ಎದುರು ಬರುವ ಗಾಡಿಯ ದೂರವನ್ನು ಅಂದಾಜಿಸುವುದರಲ್ಲಿ, ಬ್ರೇಕಿನ ಮೇಲೆ ಕಾಲಿಡುವುದರಲ್ಲಿ ಆಗುವ ತಡ ತಮಗೇ ತಿಳಿಯುವುದಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರು ಶಾಲಾ ವಾಹನಗಳ ಚಾಲಕರನ್ನು ಬೆಳಗಿನ ಹೊತ್ತಿನಲ್ಲೇ ತಪಾಸಣೆ ಮಾಡುವುದೂ ಈ ಕಾರಣದಿಂದಲೇ ಇರಬೇಕು. ಮೂರು ಗಂಟೆಗೆ ಲೋಡು ಎತ್ತುವ ಚಾಲಕರು ಹಿಂದಿನ ರಾತ್ರಿ ಕುಡಿಯಲೇಬಾರದು ಎಂಬುದು ಈ ಲೆಕ್ಕದಿಂದ ಬರುವ ನೇರ ಮಾತು.

ಊದಲು ನಿರಾಕರಿಸಿದರೆ ತಪ್ಪಿಸಿಕೊಳ್ಳಬಹುದು ಎಂದು ಯಾರೋ ಬರೆದಿದ್ದಾರೆ, ದಯವಿಟ್ಟು ಅದನ್ನು ನಂಬಬೇಡಿ. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದ್ದು ಅವರ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ, ವಾರಂಟ್ ಇಲ್ಲದೆ ಬಂಧಿಸಿ ಆಸ್ಪತ್ರೆಗೆ ಕರೆದೊಯ್ಯುವ ಅಧಿಕಾರವೂ ಪೊಲೀಸರಿಗಿದೆ. ಹಾಗೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂಬುದು ಚಾಲಕರ ಪರವಾಗಿರುವ ನಿಯಮ. ಯಂತ್ರಕ್ಕೆ ಹೊಸ ನಳಿಕೆ ಹಾಕಿಸಿಕೊಳ್ಳುವುದು, ಅಂಕಿಯ ಬಗ್ಗೆ ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಎಂದು ಅಲ್ಲಿಯೇ ಕೇಳುವುದು, ಇವೆರಡೂ ನ್ಯಾಯವಾದ ಕೇಳಿಕೆಗಳು.

ಇನ್ನು ಮಾಲೀಕರಾದ ತಮ್ಮ ಹೊಣೆ. ಕುಡಿದಿದ್ದಾರೆಂದು ತಿಳಿದೂ ಗಾಡಿ ಕೊಟ್ಟು ಕಳುಹಿಸಿದರೆ ಅದು ಅಪರಾಧಕ್ಕೆ ಕುಮ್ಮಕ್ಕು ಎನಿಸಬಹುದು, 188ನೇ ಕಲಮಿನಲ್ಲಿ ಅದಕ್ಕೆ ಕುಡಿದವರಿಗೆ ಆಗುವ ಶಿಕ್ಷೆಯೇ ಇದೆ. ವಿಮೆಯಲ್ಲಿ ಹೊಡೆತ ಇನ್ನೂ ದೊಡ್ಡದು. ಚಾಲಕರು ಮದ್ಯದ ಅಮಲಿನಲ್ಲಿದ್ದರೆ ಗಾಡಿಯ ಸ್ವಂತ ಹಾನಿಗೆ ಪರಿಹಾರ ನಿರಾಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಮೂರನೆಯವರಿಗೆ ಕೊಡಬೇಕಾದ ಪರಿಹಾರದಲ್ಲೂ ಇದನ್ನು ಆಕ್ಷೇಪಣೆಯಾಗಿ ಎತ್ತಲು ತಿದ್ದುಪಡಿಯಾದ ಕಾಯ್ದೆ ವಿಮಾ ಕಂಪನಿಗೆ ದಾರಿ ಕೊಟ್ಟಿದೆ. ಕಂಪನಿ ಮೊದಲು ಸಂತ್ರಸ್ತರಿಗೆ ಕೊಟ್ಟು ನಂತರ ಮಾಲೀಕರಿಂದ ವಸೂಲು ಮಾಡುವ ಆದೇಶ ಬಂದರೆ ಜಮೀನು ಮಾರಬೇಕಾದ ಸ್ಥಿತಿ ಬರಬಹುದು.

ಅನರ್ಹತೆಯ ಅವಧಿಯಲ್ಲಿ ಹತ್ತಿರದ ಮಂಡಿಗಷ್ಟೇ ತಾನೇ ಎಂದು ಅವರ ಕೈಗೆ ಕೀ ಕೊಡಬೇಡಿ. ಹಾಗೆ ಓಡಿಸಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಓಡಿಸಲು ಬಿಟ್ಟ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಇವೆ. ಅವರನ್ನು ಕೆಲಸದಿಂದ ತೆಗೆಯಬೇಡಿ ಎಂಬುದು ನನ್ನ ವಿನಂತಿ. ತೋಟದಲ್ಲಿ ಗ್ರೇಡಿಂಗ್, ಲೋಡಿಂಗ್, ಹನಿ ನೀರಾವರಿಯ ಕೆಲಸ ಕೊಟ್ಟರೆ ಆ ಮನೆಯಲ್ಲಿ ಒಲೆ ಉರಿಯುತ್ತದೆ, ತಮಗೂ ನಂಬಿಕೆಯ ಆಳು ಉಳಿಯುತ್ತಾರೆ. ಅಷ್ಟು ದಿನಕ್ಕೆ ಬದಲಿ ಚಾಲಕರನ್ನು ಹುಡುಕುವಾಗ ಒಟ್ಟು ತೂಕ 7,500 ಕಿಲೋ ಮೀರದ ಪಿಕಪ್ಪಿಗೆ ಲಘು ವಾಹನದ ಡಿಎಲ್ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿರುವುದು ತಮ್ಮ ನೆರವಿಗೆ ಬರುತ್ತದೆ. ಹಾಗೆ ಬರುವವರ ಡಿಎಲ್ ಚಾಲ್ತಿಯಲ್ಲಿದೆಯೇ, ಅಮಾನತಿನಲ್ಲಿದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ಡಿಎಲ್ ಸಂಖ್ಯೆ ಮತ್ತು ಜನ್ಮದಿನಾಂಕ ಹಾಕಿ ನೋಡಿಕೊಂಡ ನಂತರವೇ ಗಾಡಿ ಕೊಡಿ.