ಕುಂಚದ ಅಕ್ಷರ: ಎಲ್ಲಿ ಚೆಂದ, ಎಲ್ಲಿ ತೊಡಕು?

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಾಟಕದ ಪೋಸ್ಟರಿಗೆ ಒಣಕುಂಚದಲ್ಲಿ ಬರೆದಂತೆ ಕಾಣುವ ಫಾಂಟ್ ಬಳಸಿದೆವು, ಬಹಳ ಸೊಗಸಾಗಿ ಕಂಡಿತು. ಅದೇ ಫಾಂಟಿನಲ್ಲಿ ಅಚ್ಚು ಹಾಕಿಸಿದ ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಕಲಾವಿದರ ಹೆಸರುಗಳನ್ನೇ ಓದಲಾಗಲಿಲ್ಲ. ದೋಷ ಅಚ್ಚಿನದೋ, ಫಾಂಟಿನದೋ?
— ಓದುಗರೊಬ್ಬರು, ಸಾಗರ

ಉತ್ತರ: ದೋಷ ಅಳತೆಯದು. ಬಣ್ಣ ತುಂಬಿದ ಕುಂಚ ಕಾಗದಕ್ಕೆ ತಾಗಿದೊಡನೆ ಗೆರೆ ದಟ್ಟವಾಗಿ ಮೂಡುತ್ತದೆ. ಕೈ ಮುಂದೆ ಸಾಗಿದಂತೆ ಬಣ್ಣ ತೀರುತ್ತ, ಕುಂಚದ ಕೂದಲುಗಳು ಬಿಡಿಬಿಡಿಯಾಗಿ, ಗೆರೆಯಲ್ಲಿ ಸೀಳುಗಳೂ ಕಾಗದದ ತರಿಯೂ ಕಾಣತೊಡಗುತ್ತವೆ. ಈ ಬಗೆಯ ಫಾಂಟಿನ ಚೆಲುವೆಲ್ಲ ಇರುವುದು ಅಕ್ಷರದೊಳಗೆ ಹೀಗೆ ಉಳಿದ ಬಿಳಿಯಲ್ಲಿ. ಅಕ್ಷರವನ್ನು ಹತ್ತು ಹನ್ನೆರಡು ಪಾಯಿಂಟಿಗೆ ಇಳಿಸಿದರೆ ಆ ಬಿಳಿ ಕೂದಲೆಳೆಗಿಂತ ತೆಳುವಾಗಿ, ಶಾಯಿ ಹರಡಿದಾಗ ಮುಚ್ಚಿಹೋಗುತ್ತದೆ.

ಕನ್ನಡಕ್ಕೆ ಈ ತೊಡಕು ಇನ್ನಷ್ಟು ಹೆಚ್ಚು. ‘ದ’ ಮತ್ತು ‘ಧ’ಗಳನ್ನು ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಪುಟ್ಟ ಸೀಳು, ಕುಂಚದ ಸೀಳುಗಳ ನಡುವೆ ಅದು ಕಳೆದುಹೋದರೆ ‘ಧನ’ ‘ದನ’ವಾಗುತ್ತದೆ. ‘ಲಕ್ಷ್ಮಿ’ಯಂಥ ಹೆಸರಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿದ್ದು, ಅವು ಮೂಲಾಕ್ಷರಕ್ಕಿಂತ ಚಿಕ್ಕವಾದ್ದರಿಂದ ಮೊದಲು ಮಸಿಯ ಮುದ್ದೆಯಾಗುವುದೂ ಅವೇ.

ಕುಂಚದ ಓಟವನ್ನು ಅಚ್ಚಿಗೆ ತರುವ ಪ್ರಯತ್ನ ಸೀಸದ ಅಚ್ಚುಮೊಳೆಗಳ ಕಾಲದಲ್ಲೇ ನಡೆದಿತ್ತು. ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ರಾಬರ್ಟ್ ಇ. ಸ್ಮಿತ್ 1942ರಲ್ಲಿ ‘ಬ್ರಷ್ ಸ್ಕ್ರಿಪ್ಟ್’ ರೂಪಿಸಿದರು. ಅದರ ಅಂಚು ನುಣುಪು. 1953ರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕೋಫೋನ್ ತಮ್ಮ ಕೈಬರಹವನ್ನೇ ಆಧರಿಸಿ ತಂದ ‘ಮಿಸ್ಟ್ರಾಲ್’ನಲ್ಲಿ ಅಂಚುಗಳು ಒರಟಾಗಿದ್ದವು, ಬಿಡಿ ಮೊಳೆಗಳನ್ನು ಜೋಡಿಸಿದರೂ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ನನಗೆ ಇವತ್ತಿಗೂ ಅದು ಬೆರಗಿನ ಕೆಲಸವಾಗಿಯೇ ಕಾಣುತ್ತದೆ.

ಫಾಂಟ್ ಆರಿಸುವಾಗ ಇನ್ನೊಂದನ್ನು ಪರೀಕ್ಷಿಸಿ. ಕೈಯಲ್ಲಿ ಬರೆದ ಎರಡು ‘ಮ’ಕಾರಗಳು ಎಂದೂ ಒಂದೇ ತೆರನಾಗಿರುವುದಿಲ್ಲ, ಫಾಂಟಿನಲ್ಲಿ ‘ಮಮತೆ’ ಎಂದು ಬೆರಳಚ್ಚಿಸಿದಾಗ ಎರಡು ‘ಮ’ಗಳಲ್ಲೂ ಅದೇ ಜಾಗದಲ್ಲಿ ಅದೇ ಸೀಳು ಕಂಡರೆ ಕೈಬರಹದ ಭಾವ ಅಲ್ಲಿಗೇ ಕೆಡುತ್ತದೆ. ಒಳ್ಳೆಯ ಫಾಂಟುಗಳಲ್ಲಿ ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪಗಳಿದ್ದು, ಓಪನ್‌ಟೈಪ್ ಎಂಬ ಫಾಂಟ್ ತಂತ್ರಜ್ಞಾನದ ಸೌಲಭ್ಯದಿಂದ ಅವು ತಾವಾಗಿಯೇ ಬದಲಾಗುತ್ತವೆ. ಕಾಗುಣಿತ, ಒತ್ತಕ್ಷರಗಳೆಲ್ಲಕ್ಕೂ ಹೀಗೆ ಬದಲಿ ರೂಪಗಳನ್ನು ಬರೆಯುವುದು ಕನ್ನಡದಲ್ಲಿ ಅಪಾರ ಶ್ರಮದ ಕೆಲಸ. ಆದ್ದರಿಂದ ಎರಡು ಮೂರು ಪದಗಳ ಶೀರ್ಷಿಕೆಯಾದರೆ, ಗೋಡೆಬರಹ ಬಲ್ಲ ಕಲಾವಿದರೊಬ್ಬರಿಂದ ಕುಂಚದಲ್ಲೇ ಬರೆಸಿ ಸ್ಕ್ಯಾನ್ ಮಾಡಿಸಿಕೊಳ್ಳುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ನಾಟಕದ ಹೆಸರು, ಪುಸ್ತಕದ ಮುಖಪುಟ, ಉಪ್ಪಿನಕಾಯಿ ಬಾಟಲಿಯ ಚೀಟಿ, ಇವೆಲ್ಲ ಈ ಅಕ್ಷರಕ್ಕೆ ಒಪ್ಪುವ ಜಾಗಗಳು. ಯಂತ್ರದಲ್ಲಿ ಕತ್ತರಿಸುವ ಸ್ಟಿಕರಿಗೆ ಮಾತ್ರ ಬೇಡ. ಒಂದೊಂದು ತರಿಯನ್ನೂ ಅಲಗು ಬೇರೆಯಾಗಿ ಕತ್ತರಿಸಬೇಕಾಗಿ, ಚೂರುಗಳು ಎದ್ದುಬರುತ್ತವೆ. ನಿಮ್ಮ ಮುಂದಿನ ಆಮಂತ್ರಣದಲ್ಲಿ ಶೀರ್ಷಿಕೆಯಷ್ಟನ್ನೇ ಕುಂಚದ ಅಕ್ಷರದಲ್ಲಿ ದೊಡ್ಡದಾಗಿಟ್ಟು, ಹೆಸರುಗಳನ್ನು ಸರಳ ಫಾಂಟಿನಲ್ಲಿ ಕೊಡಿ. ನುಣುಪಿಲ್ಲದ ಕಾಗದ ಶಾಯಿಯನ್ನು ಹೆಚ್ಚು ಹೀರುವುದರಿಂದ, ಅಚ್ಚಿಗೆ ಬಳಸುವ ಕಾಗದದ ಮೇಲೆಯೇ ಒಂದು ಪ್ರತಿ ತೆಗೆಸಿ ನೋಡಿದ ನಂತರ ಒಪ್ಪಿಗೆ ಕೊಡಿ.