ಪ್ರತಿಕ್ರಿಯೆ: ಗಿಡ್ಡ ಚೇಂಬರಿಗೆ ಯುವಿ ಲ್ಯಾಂಪ್ ಮಾಡಿಸುವುದು

ಬೈಕಂಪಾಡಿಯಲ್ಲಿ ಯುವಿ (ಅತಿನೇರಳೆ) ಕಿರಣದಿಂದ ನೀರಿನ ರೋಗಾಣು ಕೊಲ್ಲುವ ಯಂತ್ರ ಮಾಡುತ್ತೇವೆ, ರೆಡಿಮೇಡ್ ಲ್ಯಾಂಪ್ ನೀರು ಹರಿಯುವ ನಮ್ಮ ಗಿಡ್ಡ ಚೇಂಬರಿಗೆ ಕೂರುತ್ತಿಲ್ಲ, ಅಳತೆ ಕೊಟ್ಟು ಮಾಡಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಸಬಹುದು. ಆದರೆ ಬರೀ ಒಟ್ಟು ಉದ್ದ ಹೇಳಿದರೆ ಸಾಲದು. ಎರಡು ಫಿಲಮೆಂಟ್‌ಗಳ ನಡುವಿನ ಅಂತರ, ಅಂದರೆ ಆರ್ಕ್ ಉದ್ದ, ಬೇರೆಯಾಗಿ ಬರೆದುಕೊಡಿ. ಯುವಿ ಬರುವುದು ಅಷ್ಟರಲ್ಲೇ. ಕ್ಯಾಪ್ ಹತ್ತಿರದ ಭಾಗ ಕತ್ತಲೆ. ನೀರು ಅಲ್ಲಿಂದ ನುಸುಳಿ ಹೋಗಬಾರದು ಅಲ್ವಾ?

ಜಾಗ ಕಡಿಮೆ ಇದ್ದರೆ ನಾಲ್ಕೂ ಪಿನ್ ಒಂದೇ ತುದಿಯಲ್ಲಿರುವ ಲ್ಯಾಂಪ್ ಕೇಳಿ. ಲ್ಯಾಂಪಿನ ಗಾಜು 254 ನ್ಯಾನೋಮೀಟರ್ ಕಿರಣವನ್ನು ಹೊರಗೆ ಹೋಗಲು ಬಿಟ್ಟು, 185ರ ಕಿರಣವನ್ನು ತಡೆಯುವ ಕ್ವಾರ್ಟ್ಜ್ ಆಗಿರಲಿ, ಇಲ್ಲದಿದ್ದರೆ ಓಝೋನ್ ಹುಟ್ಟುತ್ತದೆ. ಆರ್ಕ್ ಉದ್ದ ಬದಲಾದರೆ ಲ್ಯಾಂಪಿನ ವೋಲ್ಟೇಜ್ ಕೂಡ ಬದಲಾಗುತ್ತದೆ. ಹಾಗಾಗಿ ಹಳೆಯ ಬ್ಯಾಲಸ್ಟ್ (ಲ್ಯಾಂಪಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಸಾಧನ) ಸುಮ್ನೆ ಜೋಡಿಸಬೇಡಿ, ಹೊಂದುವುದನ್ನು ಲ್ಯಾಂಪ್ ಜೊತೆಗೇ ಆರ್ಡರ್ ಮಾಡಿ.

ಇನ್ನೊಂದು ವಿಷಯ ದಯವಿಟ್ಟು ಮರೆಯಬೇಡಿ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಸ್ಲೀವ್ (ಲ್ಯಾಂಪಿಗೆ ನೀರು ತಾಗದಂತೆ ಸುತ್ತ ಇರುವ ಕ್ವಾರ್ಟ್ಜ್ ಕೊಳವೆ) ಮೇಲೆ ಕಂದು ಪೊರೆ ಕಟ್ಟುತ್ತದೆ. ಲ್ಯಾಂಪ್ ಉರಿಯುತ್ತಲೇ ಇರುತ್ತದೆ, ಯುವಿ ಮಾತ್ರ ನೀರಿಗೆ ಸರಿಯಾಗಿ ತಲುಪುವುದಿಲ್ಲ. ಸ್ಲೀವ್ ಹೊರಗೆಳೆದು ಒರೆಸಲು ಜಾಗ ಬಿಟ್ಟೇ ಡಿಸೈನ್ ಮಾಡಿ. ಸ್ಯಾಂಪಲ್ ಲ್ಯಾಂಪ್ ಬಂದಾಗ ಚೇಂಬರ್ ಮುಚ್ಚದೆ ಉರಿಸಬೇಡಿ, ಕಣ್ಣಿಗೂ ಚರ್ಮಕ್ಕೂ ಅಪಾಯ.